ಹೂಂ ಅಂದ ಆಡು

ಹಣಮಯ್ಯ ಸರ್ ಮೇಜಿನ ಮೇಲೆ ಇಟ್ಟಿದ್ದ ಫೋನಿನೊಳಗಿಂದ ಆಡು “ಮ್ಯಾಂ” ಅಂದಿತು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಸರಿತಾಳಿಗೆ.

ಪುಸ್ತಕದಲ್ಲಿಲ್ಲದ ಕತೆಯೊಂದನ್ನು ಹಿರಿಯರ ಬಾಯಿಂದ ರೆಕಾರ್ಡ್ ಮಾಡಿ ತನ್ನಿ ಅಂದಿದ್ದರು ಸರ್. ಕಂಗ್ಟಿ ಊರಿನ, ಕುರಿ ಕಾಯುವ ಗೊಂಡರ ಓಣಿಯಲ್ಲಿ ಸರಿತಾಳ ಅಜ್ಜಿ ಪೀರಮ್ಮನಷ್ಟು ಕತೆ ಬಲ್ಲವರಿಲ್ಲ. “ನಂದೇ ಫಸ್ಟ್” ಎಂದು ಸರಿತಾ ಕ್ಲಾಸಿನ ಕ್ರಾಂತಿಕುಮಾರನ ಮುಂದೆ ಬಡಾಯಿ ಕೊಚ್ಚಿದ್ದಳು. ಆಮೇಲೆ ಅಜ್ಜಿಯ ಮುಂದೆ ಮನೆಯ ಫೋನಿಟ್ಟು, ರೆಕಾರ್ಡ್ ಒತ್ತಿ, ಕುಂಟಾಟ ಆಡಲು ಓಡಿದ್ದಳು. ಎಡವಟ್ಟಾಗಿದ್ದು ಅಲ್ಲೇ. ಅವರ ಓಣಿಯಲ್ಲಿ ಕೇಳುವವರು ಹೂಂ ಅನ್ನದಿದ್ದರೆ ಕತೆ ಮುಂದೆ ಸಾಗುವುದಿಲ್ಲ.

ಫೋನಿನಲ್ಲಿ ಅಜ್ಜಿ ಹೇಳುತ್ತಿದ್ದಳು:

“ಒಂದು ನರಿ ಕಂಬಳಿ ಹೊದ್ಕೊಂಡು, ಕುರಿ ಕಾಯ್ತೀನಿ ಅಂತ ಬಂತು. ಯಾಕ, ಈ ಫೋನ್ ಹೂಂ ಅನವಲ್ದಲ್ಲ? ಬಾಯಾಗ ಏನ್ ಇಟ್ಕೊಂಡದ?”

“ಮ್ಯಾಂ.”

“ನೋಡು, ನೀನೇ ಶಾಣ್ಯಾ. ಕೇಳು. ಕುರಿಗೋಳು ಅಂದ್ವು, ನರಿಯಣ್ಣ, ನಮ್ಮನ್ನ ಕಾಯೋರು ಡೊಳ್ಳು ಬಾರಿಸ್ತಾರ, ನೀನೂ ಬಾರಿಸು.”

“ಮ್ಯಾಂ.”

“ನರಿ ಡೊಳ್ಳಿಗಿ ಒಂದೇಟು ಹಾಕ್ತು. ಒಳಗಿಂದ ಗುರ್ ಅಂತ ಸಪ್ಪಳ ಬಂತು. ಒಳಗ ಯಾರಿದ್ರು ಅಂದ್ರ...”

ಸದ್ದಿಲ್ಲ.

“ಆಡು ಎದ್ದು ಹೋತು. ಇನ್ನ ಯಾರಿಗಿ ಹೇಳ್ಲಿ?” ಅಂದಿತು ಫೋನು. ರೆಕಾರ್ಡಿಂಗ್ ಅಲ್ಲಿಗೇ ಮುಗಿಯಿತು.

ಈಗ ಯಾರೂ ನಗಲಿಲ್ಲ.

“ಡೊಳ್ಳಿನಾಗ ಯಾರಿದ್ರು?” ಕ್ರಾಂತಿಕುಮಾರ ಕೇಳಿದ.

“ಗೊತ್ತಿಲ್ಲ” ಅಂದಳು ಸರಿತಾ.

“ಸರ್, ಗೂಗಲ್ ಮಾಡ್ರಿ.”

ಸರ್ ಹುಡುಕಿದರು. ಡೊಳ್ಳಿನ ರೇಟು ಬಂತು. ಸರ್ ತಲೆ ಕೆರೆದುಕೊಂಡರು. “ಸರಿತಾ, ನಾಳಿಗಿ ಕೇಳ್ಕೊಂಡೇ ಬಾ. ಇಲ್ಲಾಂದ್ರ ನನಗ ಊಟ ಸೇರಂಗಿಲ್ಲ.”

ಸಂಜೆ ಗೆಳತಿಯರು ಕುಂಟಾಟಕ್ಕೆ ಕರೆದರು. ಸರಿತಾ ಹೋಗಲಿಲ್ಲ. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಆಡು ಅವಳ ಮೊಣಕಾಲಿಗೆ ಒರಗಿ ಮೆಲುಕು ಹಾಕುತ್ತಿತ್ತು.

“ಆಡಿಗಿ ಯಾಕ ಕತಿ ಹೇಳ್ತಿ, ಆಯಿ?”

“ನೀ ಆಡಾಕ ಹೋಗ್ತಿ. ದಿನಾ ಇದೇ ಕುಂದರ್ತದ. ಎಲ್ಲಾ ಕತಿ ಇದಕ್ಕೇ ಹೇಳೀನಿ.”

ಸರಿತಾ ಆಡನ್ನು ನೋಡಿದಳು. ನರಿಯ ಕತೆ, ಇನ್ನೂ ಯಾರ್ಯಾರದೋ ಕತೆ, ಎಲ್ಲವೂ ಅದರ ಹೊಟ್ಟೆಯೊಳಗೆ ಇದ್ದವು. ತನಗೆ ಒಂದೂ ಪೂರ್ತಿ ಬರುತ್ತಿರಲಿಲ್ಲ. ಅವಳಿಗೆ ಆಡಿನ ಮೇಲೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು.

ಫೋನನ್ನು ಒಳಗಿಟ್ಟು ಬಂದಳು. ಆಡನ್ನು ಆಚೆ ತಳ್ಳಿ, ಆ ಜಾಗದಲ್ಲಿ ತಾನು ಕೂತಳು.

“ಹೂಂ” ಅಂದಳು.

“ನಾ ಇನ್ನ ಬಾಯೇ ತೆರದಿಲ್ಲಲ್ಲ.”

“ಹೂಂ.”