ಎಡಕ್ಕೆ ಬಿದ್ದ ಹೂವು

"ಬಿಂದು... ನೀನಾ?"

ಗುಡಿಯ ಬಾಗಿಲಲ್ಲೇ ಬಿಂದುಶ್ರೀಯ ಕಾಲು ನಿಂತುಹೋಯಿತು. ಮೂರು ವರ್ಷವಾಗಿದ್ದರೂ ಆ ಧ್ವನಿ ಯಾರದೆಂದು ತಿಳಿಯಲು ಅವಳು ತಿರುಗಿ ನೋಡಬೇಕಾಗಿರಲಿಲ್ಲ.

ಮಧುಕುಮಾರ್!

"ಬಿಂದುಶ್ರೀ ಅಂತ ಕರೀರಿ," ಎಂದಳು ಗಡುಸಾಗಿ.

"ನೀನು... ನೀವು ಇಲ್ಲಿಗೆ ಹೇಗೆ?"

"ಸ್ಕೂಲಿನ ಟೀಚರ್ಸ್ ಎಲ್ಲಾ ಬಿಳಿಗಿರಿರಂಗನ ಬೆಟ್ಟಕ್ಕೆ ಟ್ರಿಪ್ ಬಂದಿದೀವಿ. ಅವರೆಲ್ಲ ಕಾಡೆಮ್ಮೆ, ಆನೆ ನೋಡ್ತೀವಿ ಅಂತ ಸಫಾರಿಗೆ ಹೋದ್ರು. ನಾನು ಈ ಬೆಟ್ಟದಮ್ಮನ್ನ ನೋಡೋಕೆ ಬಂದೆ. ನನ್ನ ಬೇಡ ಅಂದವಳ ಮುಖ ಹೇಗಿದೆ ಅಂತ!"

ಮಧು ತಲೆ ತಗ್ಗಿಸಿದ. ತಲೆ ತಗ್ಗಿಸುವುದರಲ್ಲಿ ಅವನದು ಯಾವತ್ತೂ ಎತ್ತಿದ ಕೈ.

ಗೋವಿಂದರಾಜನಗರದಲ್ಲಿ ಅವನ ಟೈಲ್ಸ್ ಅಂಗಡಿ, ಅತ್ತಿಗುಪ್ಪೆಯಲ್ಲಿ ಅವಳ ಸ್ಕೂಲು. ಎರಡು ವರ್ಷ ಪ್ರೀತಿಸಿದ್ದರು. ಸಂಜೆ ಮೆಟ್ರೋ ಸ್ಟೇಷನ್ ಕೆಳಗೆ ಅರ್ಧ ಗಂಟೆ ನಿಂತು ಮಾತಾಡಿದರೆ ಇಬ್ಬರಿಗೂ ಅಷ್ಟೇ ಸಾಕಾಗುತ್ತಿತ್ತು. ಮನೆಯಲ್ಲಿ ಹೇಳಿದಾಗ ಅವನ ತಾಯಿ ಬೋರಮ್ಮ ಜಗಳವಾಡಲಿಲ್ಲ.

"ಬೆಟ್ಟದಮ್ಮನ್ನ ಹೂ ಕೇಳೋಣ. ಬಲಗಡೆ ಆದ್ರೆ ಮದುವೆ. ಎಡಗಡೆ ಆದ್ರೆ ಆ ಹುಡುಗಿ ಮಾತು ಎತ್ತಬಾರದು," ಎಂದಿದ್ದರು.

ದೇವಿಯ ಎರಡೂ ಹೆಗಲ ಮೇಲೆ ಹೂವಿಟ್ಟು ಪೂಜಾರಿ ಮಂಗಳಾರತಿ ಎತ್ತುತ್ತಾರೆ. ಬಲಗಡೆಯ ಹೂವು ಮೊದಲು ಉದುರಿದರೆ ದೇವಿಯ ಒಪ್ಪಿಗೆ. ಮಂಡಿನೋವಿನ ಬೋರಮ್ಮ ಮೆಟ್ಟಿಲು ಹತ್ತಲಾರದೆ ಕೆಳಗೆ ಕಾರಿನಲ್ಲೇ ಕುಳಿತರು. ಮಧು ಒಬ್ಬನೇ ಹತ್ತಿ ಬಂದು ಕೇಳಿದ. ಹೂವು ಎಡಕ್ಕೆ ಬಿತ್ತು. ಪೂಜಾರಿ ಬಾಯಿ ತೆರೆಯುವ ಮೊದಲೇ ಅವನು ಅಳುತ್ತಾ ಮೆಟ್ಟಿಲಿಳಿದಿದ್ದ.

ಅಂದು ಫೋನಿನಲ್ಲಿ ಅವಳಿಗೆ ಹೇಳಿದ್ದು ಎರಡೇ ಮಾತು. "ಎಡಗಡೆ ಆಯ್ತು ಬಿಂದು... ನಮ್ಮಮ್ಮ ಬೇಡ ಅಂತಿದಾರೆ."

ಅಷ್ಟೇ! ಎರಡು ವರ್ಷದ ಪ್ರೀತಿಗೆ ಅಷ್ಟೇ ಮರ್ಯಾದೆ!

ಈಗ ಅವಳಿಗೆ ಕೆಂಗೇರಿ ಉಪನಗರದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅರುಣ್ ಕುಮಾರ್, ಕಾಲೇಜಿನಲ್ಲಿ ಲೆಕ್ಚರರ್. ಸಂಜೆಯೊಳಗೆ ಉತ್ತರ ಹೇಳಬೇಕೆಂದು ಅವಳ ತಾಯಿ ವರಲಕ್ಷ್ಮಿ ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದರು. ಒಪ್ಪಿಬಿಡಬೇಕು ಎಂದುಕೊಂಡೇ ಬಿಂದು ಈ ಗುಡಿಯ ಮೆಟ್ಟಿಲು ಹತ್ತಿದ್ದಳು. ಮೇಲೆ ಬಂದರೆ ಇವನು...

"ನೀವ್ಯಾಕೆ ಬಂದ್ರಿ?" ಕೇಳಬಾರದು ಎಂದುಕೊಂಡರೂ ಕೇಳಿಬಿಟ್ಟಳು.

"ಕುಸುಮಾಗೆ ಗಂಡು ನೋಡಿದೀವಿ. ಹೂ ಕೇಳೋಕೆ ಕರ್ಕೊಂಡು ಬಂದೆ. ನಮ್ಮಮ್ಮ ಕೆಳಗೆ ಕಾರಲ್ಲಿದಾರೆ."

ಅವನ ತಂಗಿ ಕುಸುಮಾ ಒಳಗೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. ಪೂಜಾರಿ ವೆಂಕಟಗಿರಿ ಗಂಟೆ ಬಾರಿಸುತ್ತಾ ಆರತಿ ಎತ್ತಿದರು. ಹೊಸಿಲಲ್ಲಿ ನಿಂತ ಇಬ್ಬರೂ ಹೂವನ್ನೇ ನೋಡಿದರು.

ಹೂವು ಜಾರಿತು. ಎಡಗಡೆಗೆ!

'ಪಾಪ... ಈ ಹುಡುಗಿಗೂ ನನ್ನ ಗತಿಯೇ!' ಎಂದುಕೊಂಡಳು ಬಿಂದು. ಆದರೆ ಪೂಜಾರಿಗಳ ಮುಖ ಅರಳಿತ್ತು.

"ಬಲಗಡೆ ಆಯ್ತು ತಾಯಿ! ಒಳ್ಳೇದಾಗ್ಲಿ, ಧೈರ್ಯವಾಗಿ ಮದುವೆ ಆಗು!"

"ಸ್ವಾಮಿ..." ಮಧು ಹೊಸಿಲು ದಾಟಿ ಒಳಗೆ ಬಂದ. "ಎಡಗಡೆ ಅಲ್ವಾ ಬಿದ್ದಿದ್ದು?"

"ನಿನ್ನ ಎಡ ಕಟ್ಕೊಂಡು ಏನಾಗ್ಬೇಕಪ್ಪಾ? ದೇವಿ ನಿನಗೆ ಎದುರಾಗಿ ಕೂತಿದಾಳೆ. ಬಲಗಡೆ ಅಂದ್ರೆ ಅವಳ ಬಲಗಡೆ! ಯಾವೂರು ನಿಮ್ದು?"

"ಬೆಂಗಳೂರು..."

"ಅದಕ್ಕೇ!" ಪೂಜಾರಿ ನಕ್ಕರು. ಕುಸುಮಾಳೂ ನಕ್ಕಳು.

ಬಿಂದು ದಡದಡನೆ ಹೊರಗೆ ನಡೆದಳು. ಹೊರಗೆ ನೆಲ್ಲಿಕಾಯಿ ಗುಡ್ಡೆ ಹಾಕಿಕೊಂಡು ಕುಳಿತಿದ್ದ ಅಜ್ಜಿಯೊಬ್ಬಳು ಕೊಳ್ಳುವಂತೆ ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ.

"ಬಿಂದು! ನಿಂತ್ಕೋ!" ಮಧು ಓಡಿಬಂದ. "ಬೆಟ್ಟದಮ್ಮ ಹೂಂ ಅಂದಿದ್ಲು ಕಣೇ! ಆವತ್ತೇ ಅಂದಿದ್ಲು! ನಾನೇ ತಪ್ಪು ತಿಳ್ಕೊಂಡ್ಬಿಟ್ಟೆ..."

ಅವನ ಮುಖದಲ್ಲಿ ಎಂಥಾ ಸಂತೋಷ! ಅದನ್ನು ನೋಡಿ ಅವಳು ಸಿಡಿದುಬಿದ್ದಳು.

"ಖುಷಿ ಆಗ್ತಿದ್ಯಾ ಮಧು? ನೀನು ಎಡ ಬಲ ಗೊತ್ತಿಲ್ದೆ ನನ್ನ ಬಿಟ್ಟೆ. ಮೂರು ವರ್ಷ ಅತ್ತಿದೀನಿ ನಾನು. ಅದಕ್ಕೆ ಈಗ ಖುಷಿ ಪಡ್ಲಾ?"

"ತಪ್ಪಾಯ್ತು... ಈಗ್ಲೇ ಹೋಗಿ ನಮ್ಮಮ್ಮಂಗೆ ಹೇಳ್ತೀನಿ. ಇನ್ನು ಅವರೂ ಬೇಡ ಅನ್ನಲ್ಲ. ನನ್ನ ಮದುವೆ ಆಗ್ತೀಯಾ?"

ಇದೇ ಪ್ರಶ್ನೆಯನ್ನು ಅವನ ಬಾಯಲ್ಲಿ ಕೇಳಬೇಕೆಂದು ಅವಳು ಎಷ್ಟು ಹಂಬಲಿಸಿದ್ದಳು!

"ಇಲ್ಲ."

"ಯಾಕೆ? ಬೇರೆ ಯಾರಾದ್ರೂ..."

"ಅರುಣ್ ಕುಮಾರ್ ಅಂತ. ತುಂಬಾ ಒಳ್ಳೆಯವರು. ಇವತ್ತು ಸಂಜೆ ಅವರಿಗೂ ಬೇಡ ಅಂತೀನಿ. ನಿನ್ನ ಮನಸ್ಸಲ್ಲಿ ಇಟ್ಕೊಂಡು ಅವರ ಜೊತೆ ಹಸೆಮಣೆ ಮೇಲೆ ಕೂರೋಕೆ ನನ್ನ ಕೈಲಾಗಲ್ಲ."

"ಅಂದ್ರೆ... ಇನ್ನೂ ನನ್ನ ಮೇಲೆ..."

"ಇದೆ ಕಣೋ! ಹಾಳಾದ್ದು, ಏನ್ ಮಾಡಿದ್ರೂ ಹೋಗ್ತಾ ಇಲ್ಲ!" ಅಷ್ಟು ಹೊತ್ತು ತಡೆದಿದ್ದ ಅಳು ಒತ್ತರಿಸಿ ಬಂತು. "ಆದ್ರೆ ಆವತ್ತು ಹೂವು ಯಾವ ಕಡೆ ಬಿದ್ದಿದ್ರೂ ನೀನು ನನ್ನ ಬಿಡಬಾರದಿತ್ತು ಮಧು. ಈಗ ತಾನೇ ಬಾಗಿಲಲ್ಲಿ ನಾನು ಸಿಕ್ಕಿದ್ನಲ್ಲಾ, ಆಗ ಯಾಕೆ ಮದುವೆ ಆಗ್ತೀಯಾ ಅಂತ ಕೇಳ್ಲಿಲ್ಲ? ದೇವಿ ಒಪ್ಪಿದ್ಲು ಅಂತ ಗೊತ್ತಾದ್ಮೇಲೆ ತಾನೇ ನಿನಗೆ ಧೈರ್ಯ ಬಂದಿದ್ದು?"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾಡಿನ ಕಡೆಯಿಂದ ಸಫಾರಿ ಜೀಪುಗಳು ವಾಪಸ್ಸು ಬರುತ್ತಿದ್ದವು. ಬಿಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗ್ಬೇಕು. ನಮ್ಮವರು ಹುಡುಕ್ತಾರೆ."

"ಬಿಂದು..." ಅವನ ಕಣ್ಣಲ್ಲೂ ನೀರಿತ್ತು. "ನಾನು... ಕಾಯ್ಲಾ?"

ಅವಳು, ಯಾವಾಗಲೂ ಮಡಚಿಕೊಂಡೇ ಇರುತ್ತಿದ್ದ ಅವನ ಶರ್ಟಿನ ಕಾಲರನ್ನು ಮೆಲ್ಲಗೆ ಸರಿಮಾಡಿದಳು.

"ಅದನ್ನೂ ಇನ್ನೊಬ್ರೇ ಹೇಳ್ಬೇಕೇನೋ ನಿಂಗೆ?"