ಹಾಲವ್ವನ ಮೂರನೆಯ ಗುಳ್ಳೆ

ಅಕ್ಕಿಕಾಳಿಗಿಂತ ಸಣ್ಣದಾದ ಯಂತ್ರ ಹಾಲವ್ವನ ಯಕೃತ್ತಿನೊಳಗೆ ಇಳಿದು ಇಪ್ಪತ್ತು ನಿಮಿಷವಾಗಿತ್ತು. ಅದನ್ನು ರೂಪಿಸಿದ ಡಾ. ಮಂದಾಕಿನಿ ಹಂಚಿನಮನಿ ಪರದೆಯ ಮೇಲೆ ಕಣ್ಣು ನೆಟ್ಟಿದ್ದರು. ತೆಂಗಿನಕಾಯಿ ಗಾತ್ರದ ನೀರುಗುಳ್ಳೆಯ ಗೋಡೆ ಕೊರೆದು ಹೊಕ್ಕ ಯಂತ್ರ, ಹನಿಯೂ ಸೋರದಂತೆ ಒಳಗಿನ ಲಾಡಿಹುಳುವಿನ ಮರಿಗಳನ್ನು ಕೊಂದು ನೀರು ಹೀರುತ್ತಿತ್ತು. ಆ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಗಟ್ಟಿಮುಟ್ಟಾದವರೂ ನಿಮಿಷಗಳಲ್ಲಿ ಹೋಗಿಬಿಡುತ್ತಾರೆ.

ಹನ್ನೆರಡು ವರ್ಷದ ಹಿಂದೆ, 2046ರಲ್ಲಿ, ಈ ಯಂತ್ರದಿಂದ ಮೊದಲು ಗುಣವಾದವಳೇ ಕುರಿಗಾರರ ಹಾಲವ್ವ. ಆಗ ಇದ್ದದ್ದು ಒಂದೇ ಗುಳ್ಳೆ. ಮೂರನೆಯ ದಿನ ಎದ್ದು ಹಿಂಡಿನ ಹಿಂದೆ ಹೊರಟಿದ್ದಳು. ಇನ್ನು ಈ ರೋಗಕ್ಕೆ ಯಾರೂ ಹೆದರಬೇಕಿಲ್ಲವೆಂದು ಮಂದಾಕಿನಿ ಪತ್ರಿಕೆಯವರ ಮುಂದೆ ಬೀಗಿದ್ದರು. ಕುರಿನಾಯಿಗಳಿಗೆ ಜಂತುಮಾತ್ರೆ ನುಂಗಿಸುವ ಯೋಜನೆ ಇನ್ನೂ ಬೇಕೇ ಎಂದು ಸಮಿತಿಯೊಂದು ಕೇಳಿದಾಗ, ಬೇಡವೆಂದು ಸಹಿ ಹಾಕಿದ ಜಾಣೆಯೂ ಅವರೇ.

ಈಗ ಪರದೆ ಕೆಂಪಾಯಿತು. ದೊಡ್ಡ ಗುಳ್ಳೆ ಕುಗ್ಗಿದ ಎಳೆತಕ್ಕೆ, ಅದರ ಬೆನ್ನಿಗೆ ಅಂಟಿಕೊಂಡು ಯಾವ ಸ್ಕ್ಯಾನಿಗೂ ಕಾಣದಿದ್ದ ಇನ್ನೊಂದು, ಅವಳ ಮೂರನೆಯ, ಗುಳ್ಳೆ ಹರಿದಿತ್ತು. ಇಂಜೆಕ್ಷನ್ ಕೊಟ್ಟರು, ಉಸಿರಿನ ಕೊಳವೆ ಹಾಕಿದರು, ಎದೆ ಒತ್ತಿದರು. ಹಾಲವ್ವ ಉಳಿಯಲಿಲ್ಲ.

ಹೊರಗೆ ಅವಳ ಗಂಡ ಮಾಳಿಂಗಪ್ಪ ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸುದ್ದಿ ಕೇಳಿ ಬಹಳ ಹೊತ್ತು ಅತ್ತ. ಗುಣವಾದವಳಿಗೆ ಮತ್ತೆ ಹೇಗೆ ಬಂತೆಂದು ಮಂದಾಕಿನಿ ತಡೆಯಲಾರದೆ ಕೇಳಿದರು. ಕುರಿ ಕೊಯ್ದಾಗ ಗುಳ್ಳೆಯೆದ್ದ ಈಲಿ, ಅಂದರೆ ಯಕೃತ್ತು, ಸಿಕ್ಕರೆ ಅದನ್ನು ನಾಯಿಗೆ ಎಸೆಯುತ್ತಿದ್ದರಂತೆ. ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಿನಲ್ಲಿ ಬೆಳೆದು ಮೊಟ್ಟೆಯಿಡುತ್ತವೆ. ಮೊಟ್ಟೆ ಅದರ ಕೂದಲಿಗೆ ಅಂಟುತ್ತದೆ. ಹಾಲವ್ವ ಆ ನಾಯಿಯ ಮೈ ಸವರಿದ ಕೈಯಲ್ಲೇ ರೊಟ್ಟಿ ಮುರಿಯುತ್ತಿದ್ದಳು.

"ನಾಯಿಗೆ ಮಾತ್ರಿ ಹಾಕಾಕ ಬರತಿದ್ದವ, ಅಂಥಾ ಈಲಿ ಮಣ್ಣಾಗ ಹುಗೀರಿ ಅಂತಿದ್ದ ನೋಡ್ರಿ ಡಾಕ್ಟರ್ ಬಾಯಾರ," ಎಂದ ಮಾಳಿಂಗಪ್ಪ. "ಅವ ಬರೂದು ನಿಂತಮ್ಯಾಗ, ನಿಮ್ಮ ಮಷೀನ ಐತೆಲ್ಲ ಅಂತ ನಾವೂ ಬಿಟ್ಟಿವಿ."

ಮಂದಾಕಿನಿ ಅವನ ಪಕ್ಕ ಕೂತರು.

"ಈಲಿ ಹುಗದ ಬಿಟ್ಟಿದ್ರ ಸಾಕಿತ್ತೇನ್ರಿ?" ಎಂದು ಅವನು ಕೇಳಿದ.

"ಹುಗದು, ನಾಯಿಗೆ ಮಾತ್ರಿ ಹಾಕಿದ್ರ ಸಾಕಿತ್ತು, ಮಾಳಿಂಗಪ್ಪ."

ಅವನು ಕಣ್ಣೊರೆಸಿಕೊಂಡ. "ಇದು ಯಾವಾಗಿಂದ ಗೊತ್ತೈತ್ರಿ ನಿಮಗ?"

ತಾವು ಹುಟ್ಟುವ ಮೊದಲೇ ಇದು ಎಲ್ಲ ಪುಸ್ತಕಗಳಲ್ಲಿಯೂ ಇತ್ತೆಂದು ಅವರು ಹೇಳಬೇಕಾಯಿತು.