ಒಳಗಿನಿಂದ ಹಾಕಿಕೊಂಡ ಚಿಲಕ

"ಎಡಕ್ಕೆ ತಳ್ಳು ಅಂತ ಹತ್ತು ಸಲ ಹೇಳಿದೀನಿ," ಎಂದಳು ಕಡ್ಡಿ, ಬಾತ್‌ರೂಮಿನ ಬಾಗಿಲಿಗೆ ಬಾಯಿ ಹಚ್ಚಿ.

"ಎಡ ಎಲ್ಲಿದೆ?" ಒಳಗಿನಿಂದ ಗುಬ್ಬಿಯ ಅಳುದನಿ ಬಂತು.

ಕಡ್ಡಿಗೆ ಸಾಕುಸಾಕಾಗಿತ್ತು. ಗುಬ್ಬಿ ಅವಳ ತಮ್ಮ. ಅವನಿಗಿನ್ನೂ ನಾಲ್ಕು ವರ್ಷ. ನಾನು ದೊಡ್ಡವನಾದೆ, ಒಬ್ಬನೇ ಹೋಗ್ತೀನಿ ಎಂದು ಜಂಬ ಕೊಚ್ಚಿಕೊಂಡು ಹೋದವನು ಬಾಗಿಲಿನ ಕೆಳಗಿನ ಚಿಲಕ ಹಾಕಿಕೊಂಡಿದ್ದ. ಸಾಲದ್ದಕ್ಕೆ ನಲ್ಲಿಯನ್ನೂ ತಿರುಗಿಸಿದ್ದ. ಈಗ ಚಿಲಕ ತೆಗೆಯಲೂ ಬಾರದು, ನಲ್ಲಿ ನಿಲ್ಲಿಸಲೂ ಬಾರದು. ಬಾಗಿಲಡಿಯಿಂದ ನೀರು ಹರಿದು ಬಂದು ಕಡ್ಡಿಯ ಸಾಕ್ಸ್ ಪೂರ್ತಿ ನೆನೆದಿತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಯಲ್ಲಿದ್ದರೆ ಫೋನ್ ಎತ್ತುವುದಿಲ್ಲ.

ಮನೆಯಲ್ಲಿದ್ದ ದೊಡ್ಡವರೆಂದರೆ ಚಿಕ್ಕಪ್ಪ ಒಬ್ಬನೇ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು, ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳುವಷ್ಟು ಓದಿದವನು. ಅವನು ಭುಜ ಕೊಟ್ಟು ಬಾಗಿಲು ದಬ್ಬುತ್ತಿದ್ದ. ದಬ್ಬುತ್ತಲೇ ಪಾಠವನ್ನೂ ಮಾಡುತ್ತಿದ್ದ. ಒಳಗಿರುವವನು ನಮಗೆ ಎದುರಾಗಿ ನಿಂತಿದ್ದಾನೆ, ನಮ್ಮ ಎಡ ಅವನಿಗೆ ಬಲವಾಗುತ್ತದೆ ಎಂದು ಕಡ್ಡಿಯನ್ನು ತಿದ್ದಿದ.

"ಗುಬ್ಬಿ, ಎಡಕ್ಕಲ್ಲ. ಬಲಕ್ಕೆ ತಳ್ಳು," ಎಂದಳು ಕಡ್ಡಿ.

"ಬಲವಾಗೇ ತಳ್ತಿದೀನಿ," ಎಂದು ಗುಬ್ಬಿ ಬಿಕ್ಕಿದ. "ಬರ್ತಾನೇ ಇಲ್ಲ."

ಕಡ್ಡಿ ಹಣೆ ಚಚ್ಚಿಕೊಂಡಳು. ಚಿಕ್ಕಪ್ಪ ಮಾತ್ರ ತನ್ನ ಪಾಠ ಬಿಡಲಿಲ್ಲ. ಚಿಲಕ ಅದರ ತೂತಿಗೆ ಒತ್ತಿಕೊಂಡಿದೆ, ಎಷ್ಟು ಒತ್ತಿದರೆ ಅಷ್ಟು ಘರ್ಷಣೆ, ಅದಕ್ಕೇ ಅದು ಜರುಗುತ್ತಿಲ್ಲ ಎಂದು ವಿವರಿಸಿದ. ಅದೆಲ್ಲ ಕಡ್ಡಿಗೂ ಗೊತ್ತಿತ್ತು. ಆ ಪಾಠದ ಟೆಸ್ಟಿನಲ್ಲಿ ಅವಳಿಗೆ ಹತ್ತಕ್ಕೆ ಹತ್ತು ಬಂದಿತ್ತು. ಗೊತ್ತು ಗೊತ್ತು ಎನ್ನುತ್ತಾ ಅವಳೂ ಇನ್ನೊಂದು ಪಕ್ಕದಿಂದ ಬಾಗಿಲಿಗೆ ಭುಜ ಕೊಟ್ಟಳು.

ಒಳಗೆ ಧಡ್ ಎಂದು ಸದ್ದಾಯಿತು. ಅಳು ನಿಂತುಹೋಯಿತು.

ಒಂದು, ಎರಡು, ಮೂರು ಕ್ಷಣ ನೀರಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಆಮೇಲೆ ಗುಬ್ಬಿ ಸೂರು ಹಾರಿಹೋಗುವಂತೆ ಕಿರುಚಿಕೊಂಡ. ಚಿಕ್ಕಪ್ಪ ಇನ್ನೂ ಜೋರಾಗಿ ದಬ್ಬಿದ.

ಹೊರಗೆ ಮೆಟ್ಟಿಲ ಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರಮ್ಮ ಗಲಾಟೆ ಕೇಳಿ ಒಳಗೆ ಬಂದಳು. ಮೊಣಕೈವರೆಗೂ ಬಿಳಿ ಬಣ್ಣ. ಬಾಗಿಲನ್ನು ನೋಡಿದಳು, ಅದಕ್ಕೆ ಅಂಟಿಕೊಂಡಿದ್ದ ಇಬ್ಬರನ್ನೂ ನೋಡಿದಳು.

"ಸಾರ್, ಚಿಲಕ ತೆಗೀಬೇಕಾದ ಮಗು ಒಳಗಿದೆ," ಎಂದಳು. "ನೀವಿಬ್ರೂ ಹೀಗೆ ಬಾಗಿಲ ಮೇಲೆ ಬಿದ್ಕೊಂಡಿದ್ರೆ ಅದು ಹೇಗೆ ತೆಗೆಯುತ್ತೆ?"

ಇಬ್ಬರೂ ಪಕ್ಕಕ್ಕೆ ಸರಿದರು. ಪೇಂಟರಮ್ಮ ಹಿಡಿಕೆ ಹಿಡಿದು ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡು ನಿಂತಳು. ಒಳಗೆ ಚಿಲಕ ಕಟಕ್ ಎಂದು ಸಡಿಲವಾದದ್ದು ಮೂವರಿಗೂ ಕೇಳಿಸಿತು.

ಕಡ್ಡಿ ಕಣ್ಣು ಮುಚ್ಚಿ ಗುಬ್ಬಿ ನಿಂತಿರುವ ಜಾಗದಲ್ಲಿ ತಾನೇ ನಿಂತಂತೆ ನೆನೆಸಿಕೊಂಡಳು. ಬಾಗಿಲು ಮುಂದಿದೆ. ಈ ಕಡೆ ಕನ್ನಡಿ. ಆ ಕಡೆ ಬಕೆಟ್.

"ಗುಬ್ಬಿ, ಬಕೆಟ್ ಕಾಣುತ್ತಾ?"

"ಅದು ತುಂಬಿ ಚೆಲ್ತಾ ಇದೆ."

"ಚೆಲ್ಲಲಿ ಬಿಡು. ಚಿಲಕ ಹಿಡ್ಕೊ. ಬಕೆಟ್ ಕಡೆಗೆ ಎಳಿ."

ಚಿಲಕ ಸರ್ರನೆ ಜಾರಿತು.

ಗುಬ್ಬಿ ತೊಪ್ಪೆಯಾಗಿದ್ದ. ಜಾರಿಬಿದ್ದು ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು ಎದ್ದಿತ್ತು. ಹೊರಗೆ ಬಂದವನೇ ಅಕ್ಕನನ್ನು ಬಿಟ್ಟು ಪೇಂಟರಮ್ಮನ ಕಾಲನ್ನು ತಬ್ಬಿಕೊಂಡ. ಅವಳು ಅವನನ್ನು ಮೆಲ್ಲಗೆ ಬಿಡಿಸಿ, ನಲ್ಲಿ ನಿಲ್ಲಿಸಿ, ಬಣ್ಣ ಒಣಗುತ್ತೆ ಎಂದು ಹೇಳಿ ಹೊರಟುಹೋದಳು.

ಕಡ್ಡಿ ತಮ್ಮನ ತಲೆ ಒರೆಸಿ, ಒಣ ಬಟ್ಟೆ ಹಾಕಿದಳು. ಅಷ್ಟು ಹೊತ್ತೂ ಅವಳಿಗೆ ಚಿಕ್ಕಪ್ಪನ ಮೇಲೆ ಸಿಟ್ಟು ಏರುತ್ತಲೇ ಇತ್ತು. ಒತ್ತಿದಷ್ಟೂ ಘರ್ಷಣೆ ಅಂತ ಹೇಳಿದವನೂ ಅವನೇ, ಒತ್ತಿದವನೂ ಅವನೇ. ಇದನ್ನು ಅವನ ಮುಖಕ್ಕೇ ಹೇಳಬೇಕು ಎಂದುಕೊಂಡು ಹಜಾರಕ್ಕೆ ಬಂದಳು.

ಚಿಕ್ಕಪ್ಪ ಮಂಡಿಯೂರಿ ನೆಲ ಒರೆಸುತ್ತಿದ್ದ. ಬಟ್ಟೆಯನ್ನು ಬಕೆಟ್ಟಿಗೆ ಹಿಂಡಲು ಹೋದರೆ ಅರ್ಧ ನೀರು ಹೊರಗೇ ಬೀಳುತ್ತಿತ್ತು.

"ಧಡ್ ಅಂತ ಕೇಳಿಸಿತಲ್ಲ, ಆಗ ಹೆದರಿಬಿಟ್ಟೆ. ದಬ್ಬಿದ್ದೊಂದೇ ಗೊತ್ತು," ಎಂದ ಅವನು.

ಕಡ್ಡಿ ಇನ್ನೊಂದು ಬಟ್ಟೆ ತಂದು ಅವನ ಪಕ್ಕದಲ್ಲಿ ಕೂತಳು. ಬಟ್ಟೆ ಹಿಂಡುವಾಗ ಅವಳ ಭುಜ ಚುಳುಕ್ ಎಂದಿತು. ಗೊತ್ತು ಗೊತ್ತು ಎನ್ನುತ್ತಲೇ ಬಾಗಿಲಿಗೆ ಒತ್ತಿದ್ದ ಭುಜ.